ಚೈತ್ರದಲ್ಲಿ ಮಕ್ಕಳೊಡನೆ ಬೆಟ್ಟಕ್ಕೆ



ವಸಂತವೆಂದರೇನೆಂದು ನಮ್ಮ ಪಟ್ಟಣದ ಇಂಗ್ಲಿಷ್ ಶಾಲೆಯ ಹುಡುಗನೊಬ್ಬನನ್ನು ಕೇಳಿ ನೋಡಿ. ಹಿಮ ಕರಗುವುದು, ಡ್ಯಾಫೊಡಿಲ್ ಹೂ ತಲೆದೂಗುವುದು ಎಂದು ತಡವರಿಸದೆ ಒಪ್ಪಿಸುತ್ತಾನೆ. ಆ ಹೂವನ್ನು ಅವನು ಕಂಡಿಲ್ಲ. ಅವನ ಮೇಷ್ಟರೂ ಕಂಡಿರಲಾರರು. ಶಾಲೆಯ ಬಾಗಿಲಲ್ಲಿಯೇ ಹೊಂಗೆಯ ಮರ ಹಳೆಯ ಎಲೆಯನ್ನು ಉದುರಿಸಿ, ಕೆಲವೇ ದಿನಗಳಲ್ಲಿ ಮಿರುಗುವ ಹಸುರನ್ನು ಹೊದ್ದುದನ್ನು ಮಾತ್ರ ಅವನು ಗಮನಿಸಿಲ್ಲ. ಇಂಗ್ಲಿಷ್ ಕಾವ್ಯವನ್ನು ಪಾಠ ಹೇಳಿ ಜೀವಿಸುವ ನಾನು ಈ ದೂರನ್ನು ತರುವುದು ವಿಚಿತ್ರವೆನಿಸಬಹುದು. ಆ ಕಾವ್ಯದ ಮೇಲೆ ನನಗೆ ಮುನಿಸಿಲ್ಲ. ಕಂಡ ವಸಂತವೊಂದು ಮನಸ್ಸಿನಲ್ಲಿದ್ದರಲ್ಲವೆ ಕಾಣದ ವಸಂತದ ಪದ್ಯ ರುಚಿಸುವುದು?

ಆದುದರಿಂದ ಚೈತ್ರಮಾಸದಲ್ಲಿ ಒಂದು ಬೆಳಗ್ಗೆ ಮಕ್ಕಳನ್ನು ಚಾಮುಂಡಿ ಬೆಟ್ಟಕ್ಕೆ ಕರೆದುಕೊಂಡು ಹೋಗಿರೆಂದು ನನ್ನ ವಿಜ್ಞಾಪನೆ. ವಾಹನದಲ್ಲಲ್ಲ, ಮೆಟ್ಟಿಲು ಹತ್ತಿ. ಬೆಟ್ಟದ ಎತ್ತರ ಸಮುದ್ರಮಟ್ಟಕ್ಕೆ 3,489 ಅಡಿ. ಊರಿನಿಂದ ಏರಬೇಕಾದುದು ಸುಮಾರು 1,000 ಅಡಿ. 1659ರಿಂದ 1673ರವರೆಗೆ ಆಳಿದ ದೊಡ್ಡದೇವರಾಜ ಒಡೆಯರ ಕಾಲದ ಮೆಟ್ಟಿಲುಗಳೂ ಹೆಚ್ಚುಕಡಮೆ 1,000 ಎನ್ನುತ್ತಾರೆ. ಈ ‘ಹೆಚ್ಚುಕಡಮೆ’ಯನ್ನು ಮಕ್ಕಳಿಗೇ ಬಿಡಿ. ಇಬ್ಬರು ಎಣಿಸಿದರೆ ಎರಡು ಲೆಕ್ಕ ಬರುತ್ತದೆ. ಆ ಜಗಳದಲ್ಲಿ ಅರ್ಧ ಬೆಟ್ಟ ಹತ್ತಿಯಾಗಿರುತ್ತದೆ.

“ನಮ್ಮ ಹುಡುಗರು ಒಂದು ಗಳಿಗೆ ಕೂತಲ್ಲಿ ಕೂರುವುದಿಲ್ಲ, ಬೆಟ್ಟದ ಮೇಲೆ ಅವರನ್ನು ಹಿಡಿಯುವವರಾರು?” ಎಂದು ತಾಯಂದಿರು ಕೇಳುತ್ತಾರೆ. ಹಿಡಿಯಬೇಡಿ. ಹಿರಿಯರೊಬ್ಬರು ಮುಂದೆ, ಇನ್ನೊಬ್ಬರು ಹಿಂದೆ ನಡೆಯಲಿ. ಮುಂದಿನವರನ್ನು ದಾಟಬಾರದು, ಹಿಂದಿನವರಿಗಿಂತ ಹಿಂದೆ ಬೀಳಬಾರದು ಎಂಬ ಎರಡೇ ಕಟ್ಟಳೆ ಸಾಕು. ನಡುವೆ ಓಡಲಿ, ಕೂಗಲಿ. ಮೌನವಾಗಿ ಸಾಲಿನಲ್ಲಿ ನಡೆಸುವುದು ಪ್ರಕೃತಿವೀಕ್ಷಣೆಯಲ್ಲ, ಕವಾಯತು.

ಓಟ ತಣಿದ ಮೇಲೆ ಬಂಡೆಯೊಂದರ ಅಡಿಯಲ್ಲಿ, ಮಳೆ ತಾಕದ ಒಣ ಮಣ್ಣನ್ನು ಹುಡುಕಿಸಿ. ಅಲ್ಲಿ ಆಲಿಕೆಯ ಆಕಾರದ ಪುಟ್ಟ ಪುಟ್ಟ ಕುಳಿಗಳು ಕಂಡಾವು. ಪ್ರತಿಯೊಂದರ ತಳದಲ್ಲಿಯೂ ಮಣ್ಣಿನ ಬಣ್ಣದ ಹುಳುವೊಂದು ದವಡೆಯನ್ನಷ್ಟೇ ಹೊರಗಿಟ್ಟು ಹುದುಗಿದೆ. ಅದು ಹಿಮ್ಮುಖವಾಗಿಯೇ ಚಲಿಸಿ, ಸುತ್ತುತ್ತ ಸುತ್ತುತ್ತ, ತಲೆಯಿಂದ ಮಣ್ಣನ್ನು ಚಿಮ್ಮಿ ಈ ಕುಳಿಯನ್ನು ತೋಡಿದೆ. ಇರುವೆ ಅಂಚಿಗೆ ಕಾಲಿಟ್ಟರೆ ಮಣ್ಣು ಜಾರುತ್ತದೆ. ಅದು ಮೇಲೇರಲು ಹೆಣಗಿದರೆ ಹುಳು ಕೆಳಗಿನಿಂದ ಮಣ್ಣೆರಚಿ ಬೀಳಿಸುತ್ತದೆ. ಮುಂದೊಂದು ದಿನ ಇದೇ ಕುರೂಪಿಗೆ ನಾಲ್ಕು ತೆಳುವಾದ ರೆಕ್ಕೆಗಳು ಬರುತ್ತವೆ. ಎಂತಹ ಚಂಚಲ ಹುಡುಗನೂ ಇಲ್ಲಿ ಹೊಟ್ಟೆಯ ಮೇಲೆ ಮಲಗಿ ಉಸಿರು ಬಿಗಿಹಿಡಿದು ನೋಡುತ್ತಾನೆ. ಒಬ್ಬನು ಇರುವೆಯನ್ನು ಹಿಡಿದು ಕುಳಿಗೆ ಹಾಕೋಣವೆನ್ನುತ್ತಾನೆ. ಒಬ್ಬಳು ಅದು ಪಾಪವೆನ್ನುತ್ತಾಳೆ. ಹುಳು ಉಪವಾಸವಿರಬೇಕೆ ಎಂದು ಮತ್ತೊಬ್ಬನ ವಾದ. ದಯವಿಟ್ಟು ತೀರ್ಪು ಕೊಡಲು ಹೋಗಬೇಡಿ. ನಮ್ಮ ತರಗತಿಗಳಲ್ಲಿ ಇಷ್ಟು ಪ್ರಾಮಾಣಿಕವಾದ ಚರ್ಚೆ ಅಪರೂಪ.

ಅರಳಿಯ ಚಿಗುರು ಮೊದಲು ತಾಮ್ರದ ಬಣ್ಣವೇಕೆ? ಕೂಗುವ ಕೋಗಿಲೆ ಕರಿಯ ಗಂಡು. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವ ಹೆಣ್ಣಿಗೆ ಕಂದುಮೈ, ಬಿಳಿಯ ಚುಕ್ಕೆ. ಇದನ್ನು ಹೇಳಿ ಮುಂದೆ ನಡೆಯಿರಿ. ಆದರೆ ಬಂಡೆಯ ಮೇಲೆ ಕೈಯಿರಿಸಿ ಒಮ್ಮೆ ನಿಲ್ಲಿಸಿ. ಭೂಗರ್ಭದಲ್ಲಿ ಕರಗಿ ಹೆಪ್ಪುಗಟ್ಟಿದ ಈ ಕಲ್ಲಿನ ವಯಸ್ಸು ಸುಮಾರು 80 ಕೋಟಿ ವರ್ಷವೆಂದು ಭೂವಿಜ್ಞಾನಿಗಳ ಎಣಿಕೆ. ಅಜ್ಜನ ವಯಸ್ಸನ್ನೇ ಬಹಳವೆಂದು ತಿಳಿದ ಮಗು ಈ ಸಂಖ್ಯೆಯನ್ನು ಏನು ಮಾಡಿಕೊಳ್ಳುತ್ತದೆಯೋ ನಾನರಿಯೆ, ಮಾಡಿಕೊಳ್ಳಲಿ.

ಅಪಾಯಗಳೂ ಉಂಟು. ಹೆಜ್ಜೇನಿನ ಹುಟ್ಟು ಕಂಡರೆ ಯಾರ ಕೈಯಲ್ಲಿಯೂ ಕಲ್ಲಿರಬಾರದು. ಚೈತ್ರದಲ್ಲಿ ಹುಲ್ಲು ಒಣಗಿ ಹಂಜಿಯಂತಿರುತ್ತದೆ. ಬೆಂಕಿಕಡ್ಡಿ ಮನೆಯಲ್ಲಿಯೇ ಉಳಿಯಲಿ. ಈ ಬೆಟ್ಟದಲ್ಲಿ ಚಿರತೆಗಳಿವೆ. ಮೆಟ್ಟಿಲ ದಾರಿಯನ್ನು ಬಿಟ್ಟು ಪೊದೆಗಳೊಳಗೆ ನುಗ್ಗುವುದು ಬೇಡ. ಬೆಳಕು ಹರಿದ ಮೇಲೆ ಹೊರಟು, ಬಿಸಿಲೇರುವ ಮೊದಲು ಇಳಿದುಬಿಡಿ. ಕುಡಿಯುವ ನೀರು ನೀವೆಣಿಸಿದುದಕ್ಕಿಂತ ಎರಡರಷ್ಟು ಬೇಕು.

ಏಕಶಿಲೆಯ ನಂದಿಯ ಬಳಿ ಮಾವಿನಕಾಯಿ ಚಿತ್ರಾನ್ನದ ಗಂಟು ಬಿಚ್ಚಬಹುದು. ಇಳಿಯುವಾಗ ಮಾತ್ರ ಓಟ ಕೂಡದು.

ಉಪಾಧ್ಯಾಯ ಮಿತ್ರರಲ್ಲಿ ಒಂದು ಮಾತು. ಮರುದಿನ “ನಾನು ಕಂಡ ಬೆಟ್ಟ” ಎಂದು ಪ್ರಬಂಧ ಬರೆಸಬೇಡಿ. ಬರೆಯುವವಳು ಕೇಳದೆಯೇ ಬರೆದಾಳು. ಉಳಿದವರು ಬರುವ ಭಾನುವಾರ ಯಾವ ಬೆಟ್ಟವೆಂದು ಕೇಳುತ್ತಾರೆ. ಶ್ರೀರಂಗಪಟ್ಟಣದ ಬಳಿ ಕರಿಘಟ್ಟವಿದೆ.