ಬಿಡುವಿನ ಹೊತ್ತಿನ ಸ್ವರಗಳು

ತೇನಿ ಜಿಲ್ಲೆಯ ಪಣ್ಣೈಪುರದಲ್ಲಿ ಒಬ್ಬ ತಾಯಿ ಮನೆಯ ರೇಡಿಯೋ ಮಾರಿದರು. ಬಂದದ್ದು 400 ರೂಪಾಯಿ. ಒಂದು ರೂಪಾಯಿಯನ್ನೂ ತನಗೆಂದು ಇಟ್ಟುಕೊಳ್ಳದೆ ಮದರಾಸಿಗೆ ಹೊರಟ ಮಕ್ಕಳ ಕೈಗಿಟ್ಟರು. ಆ ತಾಯಿ ಚಿನ್ನತಾಯಿ, ಮಕ್ಕಳಲ್ಲೊಬ್ಬರು ಸಂಗೀತ ನಿರ್ದೇಶಕ ಇಳಯರಾಜ. ಈ ಮಾತನ್ನು ಅವರೇ ಹೇಳಿಕೊಂಡಿದ್ದಾರೆ. ಹಾಡುವ ಪೆಟ್ಟಿಗೆ ಮನೆಯಿಂದ ಹೋಯಿತು. ಅಂಥ ಪೆಟ್ಟಿಗೆಯಲ್ಲಿ ಮಗನ ಹಾಡು ಕೇಳಿಬರಲು ಇನ್ನೂ ಏಳೆಂಟು ವರ್ಷ ಕಾಯಬೇಕಿತ್ತು.

ಗೆಳೆಯರೇ, ಆ ಏಳೆಂಟು ವರ್ಷಗಳನ್ನು ನಿಮ್ಮ ಮುಂದಿಡಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಗೆದ್ದ ಮೇಲಿನ ಕಥೆ ಎಲ್ಲರಿಗೂ ಗೊತ್ತು.

ಮದರಾಸಿಗೆ ಹೊರಡುವ ಮೊದಲು ಇಳಯರಾಜ ಊರೂರು ತಿರುಗುವ ಹಾಡುಗಾರ. ದೊಡ್ಡಣ್ಣ ಪಾವಲರ್ ವರದರಾಜನ್ ತಾವೇ ಹಾಡು ಕಟ್ಟಿ ಕಮ್ಯುನಿಸ್ಟ್ ಸಭೆಗಳಲ್ಲಿ ಹಾಡುತ್ತಿದ್ದರು. 1958ರಲ್ಲಿ ಬೆಟ್ಟದಾಚೆ ಕೇರಳದ ದೇವಿಕುಳಂನಲ್ಲಿ ಉಪಚುನಾವಣೆ ನಡೆದಾಗ ಟೀ ತೋಟಗಳ ತಮಿಳು ಕಾರ್ಮಿಕರ ನಡುವೆ ಅವರ ಹಾಡು ಮೊಳಗಿತು. ಕಮ್ಯುನಿಸ್ಟ್ ಪಕ್ಷದ ರೋಸಮ್ಮ ಪುನ್ನೂಸ್ ಗೆದ್ದರು. ಹದಿನಾಲ್ಕು-ಹದಿನೈದರ ತಮ್ಮ ಆ ತಂಡದಲ್ಲೇ ಹಾರ್ಮೋನಿಯಂ ಹಿಡಿದು ಬೆಳೆದರು. ಜಾತ್ರೆಯ ಜನ, ಸಭೆಯ ಜನ ಚಪ್ಪಾಳೆ ತಟ್ಟುತ್ತಿದ್ದರು. ಅಷ್ಟಕ್ಕೇ ತೃಪ್ತರಾಗಿ ಊರಲ್ಲೇ ನಿಂತಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ.

ಮದರಾಸಿನಲ್ಲಿ ಒಂದು ಕೊರತೆ ಎದುರಿಗೆ ಬಂದು ನಿಂತಿತು. ನುಡಿಸಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಇಪ್ಪತ್ತೈದು ದಾಟಿದ ಮೇಲೆ ಅವರು ಧನರಾಜ್ ಮಾಸ್ಟರ್ ಮುಂದೆ ವಿದ್ಯಾರ್ಥಿಯಾಗಿ ಕುಳಿತು ಪಾಶ್ಚಾತ್ಯ ಸ್ವರಲಿಪಿಯನ್ನು ಮೊದಲಿನಿಂದ ಕಲಿತರು. ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಗಿಟಾರ್ ಪರೀಕ್ಷೆ ಕಟ್ಟಿ ಚಿನ್ನದ ಪದಕ ಪಡೆದರು. ಹೊಟ್ಟೆಪಾಡಿಗೆ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾದರು. ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ ಕೇಳಿದ ಕನ್ನಡಿಗರಿಗೆ ವೆಂಕಟೇಶರ ಪರಿಚಯ ಮಾಡಿಕೊಡಬೇಕಿಲ್ಲ. ಪಣ್ಣೈಪುರದ ಯುವಕ ವಾದ್ಯವೃಂದದ ಒಳಹೊರಗನ್ನು ಅರಿತದ್ದು ನಮ್ಮ ಕನ್ನಡ ಚಿತ್ರಗಳ ನೆರಳಿನಲ್ಲಿ ಎಂಬುದು ನನಗೆ ಬಹಳ ಹೆಮ್ಮೆಯ ಸಂಗತಿ.

ಧ್ವನಿಮುದ್ರಣದ ನಡುವೆ ಬಿಡುವು ಸಿಕ್ಕಾಗ ಎಲ್ಲರೂ ವಿಶ್ರಾಂತಿಗೆ ಏಳುತ್ತಾರೆ. ಈ ಸಹಾಯಕ ಮಾತ್ರ ತಾನು ಬರೆದ ಹಾಳೆ ಹಿಡಿದು ವಾದ್ಯಗಾರರ ಬಳಿ ಹೋಗಿ, ಇದನ್ನೊಮ್ಮೆ ನುಡಿಸಿ ಎಂದು ಒಪ್ಪಿಸುತ್ತಿದ್ದರು. ಯಾಕೆ ಗೊತ್ತೇ? ಪಿಟೀಲಿನವರಿಗೆ ಒಂದು ಸಾಲು, ಚೆಲ್ಲೋದವರಿಗೆ ಇನ್ನೊಂದು ಸಾಲು ಕಾಗದದ ಮೇಲೆ ಅಂದವಾಗಿಯೇ ಕಾಣುತ್ತದೆ. ಎರಡೂ ಒಟ್ಟಿಗೆ ಮೊಳಗಿದಾಗ ಒಂದನ್ನೊಂದು ನುಂಗುತ್ತವೆಯೋ, ಕೈಹಿಡಿದು ನಡೆಯುತ್ತವೆಯೋ ಕಿವಿಗೆ ಬಿದ್ದಾಗಲೇ ತಿಳಿಯುವುದು. ಕೇಳಿ, ತಿದ್ದಿ, ಮರುದಿನ ಮತ್ತೆ ಕೇಳಬೇಕು. ವಿಜ್ಞಾನಿ ಪ್ರಯೋಗಶಾಲೆಯಲ್ಲಿ ಮಾಡುವುದು ಇದನ್ನೇ. ಇಳಯರಾಜರಿಗೆ ಬಾಡಿಗೆಯಿಲ್ಲದೆ ದಕ್ಕಿದ ಪ್ರಯೋಗಶಾಲೆ ಆ ಬಿಡುವು.

1976ರಲ್ಲಿ ಅವರು ಸ್ವತಂತ್ರವಾಗಿ ಸಂಗೀತ ಕೊಟ್ಟ ಮೊದಲ ಚಿತ್ರ ‘ಅನ್ನಕ್ಕಿಳಿ’ ಬಂತು. 1978ರ ‘ಪ್ರಿಯಾ’ ಹಾಡುಗಳು ಸ್ಟೀರಿಯೋದಲ್ಲಿ ಮುದ್ರಣಗೊಂಡವು. ಆ ಚಿತ್ರ ಕನ್ನಡದಲ್ಲೂ ಬಂತು, ನಮ್ಮ ಅಂಬರೀಷ್ ಅದರಲ್ಲಿದ್ದರು. 1986ರ ‘ಪುನ್ನಗೈ ಮನ್ನನ್’ಗೆ ಕಂಪ್ಯೂಟರ್ ನೆರವಿನ ಸಂಗೀತ. ಪಂಚಮುಖಿ ಎಂಬ ರಾಗವನ್ನೂ ಅವರು ಕಟ್ಟಿದರು. ತಮ್ಮ ಗಂಗೈ ಅಮರನ್ ಅಂತೂ ಒಂದು ಚೌಕಟ್ಟಿಗೆ ಸಿಗುವವರಲ್ಲ: ಹಾಡು ಬರೆದರು, ಹಾಡಿದರು, ಸಂಗೀತ ಕೂಡಿಸಿದರು, ‘ಪುದಿಯ ವಾರ್ಪುಗಳ್’ ಚಿತ್ರದಲ್ಲಿ ಭಾಗ್ಯರಾಜ್‌ಗೆ ಕಂಠದಾನ ಮಾಡಿದರು, 1989ರಲ್ಲಿ ‘ಕರಕಾಟ್ಟಕ್ಕಾರನ್’ ನಿರ್ದೇಶಿಸಿದರು.

ಸಂಗೀತಗಾರ ಸಂಗೀತದಲ್ಲೇ ಹೊಸದು ಮಾಡಿದ, ಅದರಲ್ಲೇನು ಎನ್ನುತ್ತೀರಾ? ಸಂಗೀತದಿಂದ ಯಂತ್ರದತ್ತ ಹೋದವರೂ ಇದ್ದಾರೆ. ನಿಮ್ಮ ಅಪ್ಪನ ಹಳೆಯ ನೋಕಿಯಾ ಮನೆಯಲ್ಲಿದ್ದರೆ ತೆಗೆದು ನೋಡಿ. ಅಂಥ ಕೋಟ್ಯಂತರ ಫೋನುಗಳಲ್ಲಿ ಹಲವು ಸ್ವರ ಒಟ್ಟಿಗೆ ಮೊಳಗುವ ರಿಂಗ್‌ಟೋನ್ ನುಡಿಸಿದ ತಂತ್ರಾಂಶ ಬೀಟ್ನಿಕ್ ಕಂಪನಿಯದು. ಆ ಕಂಪನಿ ಕಟ್ಟಿದವರು ಥಾಮಸ್ ಡಾಲ್ಬಿ, 1982ರಲ್ಲಿ ಹೆಸರಾದ ಇಂಗ್ಲೆಂಡಿನ ಪಾಪ್ ಹಾಡುಗಾರ. ದೂರವೆನಿಸಿದರೆ ಬೆಂಗಳೂರಿಗೆ ಬನ್ನಿ. ಶ್ರುತಿಪೆಟ್ಟಿಗೆ, ತಂಬೂರಿಗಳಿಗೆ ಎಲೆಕ್ಟ್ರಾನಿಕ್ ರೂಪ ಕೊಟ್ಟು ರಾಡೆಲ್ ಸಂಸ್ಥೆ ಕಟ್ಟಿದ ಜಿ. ರಾಜ್ ನಾರಾಯಣ್ ಎಂಜಿನಿಯರ್ ಹೌದು, ಕೊಳಲು ವಾದಕರೂ ಹೌದು. ಶ್ರುತಿ ತಪ್ಪಿದರೆ ನೋಯುವ ಕಿವಿಯಿದ್ದವರಿಂದಲೇ ಅಂಥ ಯಂತ್ರ ಸಾಧ್ಯವಾಯಿತು ಎಂದು ನಾನು ನಂಬುತ್ತೇನೆ. ತೇನಿಯ ಪಕ್ಕದ ದಿಂಡಿಗಲ್ಲಿನಲ್ಲಿ ಕೀಲಿ ತಿರುವಿದರೆ ಗಂಟೆ ಬಾರಿಸುವ ಬೀಗ ಮಾಡಿದ್ದಾರೆ. ಕಬ್ಬಿಣ ಬಡಿಯುವವನ ಕಿವಿಯೂ ಚುರುಕಾಗಿತ್ತು.

ಇಳಯರಾಜರ ತೇನಿ ಜಿಲ್ಲೆಯಲ್ಲೇ, ಕಂಬಂ ಕಣಿವೆಯ ದ್ರಾಕ್ಷಿ ತೋಟಗಳ ನಡುವೆ ಇಂದಿಗೂ ಮನೆಯೊಳಗೆ ಕನ್ನಡವಾಡುವ ಒಕ್ಕಲಿಗ ಕುಟುಂಬಗಳಿವೆ. ಶಾಲೆಯಲ್ಲಿ ತಮಿಳು, ಅಜ್ಜಿಯ ಜೊತೆ ಕನ್ನಡ. ಅಲ್ಲಿಯ ಹುಡುಗರೇ, ಹುಡುಗಿಯರೇ, ಎರಡು ನುಡಿಯಲ್ಲಿ ಯೋಚಿಸಬಲ್ಲವರು ಎರಡು ಕಸುಬಿಗೆ ಅಂಜಬೇಕೆ? ಕಲಬುರಗಿಯಲ್ಲಿ, ಕಾಸರಗೋಡಿನಲ್ಲಿ ಇದನ್ನು ಓದುತ್ತಿರುವವರೇ, ನೀವೂ ಕೇಳಿ. ಹಾಡುವವನಿಗೆ ಬೆಸುಗೆಯ ಕೆಲಸವೇಕೆ, ಲೆಕ್ಕ ಓದಿದವಳಿಗೆ ಹಾಡು ಕಟ್ಟುವ ಗೀಳೇಕೆ ಎಂದು ಮನೆಮಂದಿ ಕೇಳಿಯೇ ಕೇಳುತ್ತಾರೆ. ಜಗಳವಾಡಬೇಡಿ. ಈಗಿನ ಕೆಲಸ ಬಿಡಲೂ ಬೇಡಿ. ನಿಮಗೆ ಬಾರದ ಆ ಎರಡನೆಯ ವಿದ್ಯೆಯ ಅಕ್ಷರಮಾಲೆಯನ್ನು ಬಲ್ಲವರ ಮುಂದೆ ಕುಳಿತು ಕಲಿಯಿರಿ. ನಾಳೆ ಮಧ್ಯಾಹ್ನದ ಬಿಡುವಿನಲ್ಲಿ ನಿಮ್ಮ ಹಾಳೆಯನ್ನು ಯಾರಿಗಾದರೂ ತೋರಿಸಿ, ಇದನ್ನೊಮ್ಮೆ ನುಡಿಸಿ ಎನ್ನಿ.

2025ರ ಮಾರ್ಚ್ 8ರಂದು ಲಂಡನ್ನಿನಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ಕನ್ಸರ್ಟ್ ಆರ್ಕೆಸ್ಟ್ರಾ ಇಳಯರಾಜರು ಬರೆದ ‘ವೇಲಿಯಂಟ್’ ಸಿಂಫನಿಯನ್ನು ನುಡಿಸಿತು. ಅವರಿಗಾಗ 81 ವರ್ಷ.