ಸೂರ್ಯನ ಊರಿಗೆ ನೀರು ಹಾಕುವವರು ಯಾರು?

ನೂರು ವರ್ಷದ ನಂತರ ನಿಮ್ಮೂರು ಹೇಗಿರುತ್ತದೆ, ಚಿತ್ರ ಬಿಡಿಸಿ ಅಂದರೆ ಏನು ಬಿಡಿಸುತ್ತೀರಿ? ಹಾರುವ ಕಾರು, ರೋಬಾಟು? ಇಲ್ಲವೇ ಸಿನಿಮಾದಲ್ಲಿ ತೋರಿಸುವ ಹಾಗೆ ಎಲ್ಲ ಸುಟ್ಟು ಕರಕಲಾದ ಪಟ್ಟಣ?

2008ರಿಂದ ಈಚೆಗೆ ಕೆಲವು ಕಲಾವಿದರು, ಕತೆಗಾರರು ಬೇರೆಯದೇ ಊರನ್ನು ಕಲ್ಪಿಸತೊಡಗಿದರು. ಅಲ್ಲಿ ಸೂರಿನ ಮೇಲೆ ಸೋಲಾರ್ ಫಲಕ, ಗೋಡೆ ತುಂಬ ಬಳ್ಳಿ, ಬೀದಿ ನಡುವೆ ತರಕಾರಿ ಮಡಿ. ಕೆಟ್ಟದ್ದನ್ನು ಎಸೆಯದೆ ರಿಪೇರಿ ಮಾಡಿಕೊಳ್ಳುವ ಜನ. ಈ ಕಲ್ಪನೆಗೆ ಸೋಲಾರ್‌ಪಂಕ್ ಎಂದು ಹೆಸರು. 2012ರಲ್ಲಿ ಬ್ರೆಜಿಲ್ ದೇಶದಲ್ಲಿ ಇಂಥ ಕತೆಗಳದೇ ಒಂದು ಸಂಕಲನ ಬಂತು. ಚೆಂದದ ಚಿತ್ರದ ಜೊತೆಗೆ ಸೋಲಾರ್‌ಪಂಕ್‌ನಲ್ಲಿ ರಾಜಕೀಯವೂ ಇದೆ. ಕರೆಂಟು, ನೀರು, ನೆಲ ಯಾರ ಕೈಯಲ್ಲಿರಬೇಕು ಅಂತ ಅದು ಕೇಳುತ್ತದೆ.

ಆ ಊರಿನ ಕೆಲವು ತುಣುಕು 2025ರವರೆಗೆ ರಾಮನಗರ ಜಿಲ್ಲೆ ಎನಿಸಿದ್ದ ನಮ್ಮ ಬೆಂಗಳೂರು ದಕ್ಷಿಣ ಜಿಲ್ಲೆಯಲ್ಲಿ ಹಿಂದಿನಿಂದಲೂ ಇವೆ. ಚನ್ನಪಟ್ಟಣದ ಬೊಂಬೆ ನೋಡಿ. ಆಲೆ ಮರದ ತುಂಡು ಲೇತಿನಲ್ಲಿ ಗಿರ್ರನೆ ತಿರುಗುವಾಗ ಉಳಿ ಹಿಡಿದು ಆಕಾರ ಕೊಡುತ್ತಾರೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಬೆಂಕಿಯೂ ಇಲ್ಲ, ಬ್ರಷ್ಷೂ ಇಲ್ಲ. ಉಜ್ಜುವಾಗ ಹುಟ್ಟುವ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಆ ಅರಗನ್ನು ಮಾಡಿದ್ದು ಮರದ ರಸ ಹೀರಿ ಬದುಕುವ ಒಂದು ಪುಟ್ಟ ಕೀಟ. ರಾಮನಗರದ ರೇಷ್ಮೆಯೂ ಹುಳು ಕೊಟ್ಟದ್ದೇ. ಗೂಡಿನ ಎಳೆಗಳನ್ನು ಸೆರಿಸಿನ್ ಎಂಬ ಅಂಟು ಹಿಡಿದಿರುತ್ತದೆ, ಬಿಸಿನೀರಿನಲ್ಲಿ ಅದು ಸಡಿಲವಾದರೆ ಮಾತ್ರ ನೂಲು ಬಿಚ್ಚಲು ಬರುತ್ತದೆ. ಆ ನೀರನ್ನು ಬಿಸಿಲಿನಲ್ಲೇ ಅರ್ಧ ಕಾಯಿಸಿಕೊಂಡರೆ ಎಷ್ಟು ಸೌದೆ ಉಳಿಯುತ್ತದೆ, ಯೋಚಿಸಿ.

ಆದರೂ ಆ ಸೋಲಾರ್‌ಪಂಕ್ ಚಿತ್ರಗಳ ಬಗ್ಗೆ ನನ್ನದೊಂದು ತಕರಾರಿದೆ. ಇಪ್ಪತ್ತನೇ ಮಹಡಿಯಲ್ಲೂ ಮರ ಇರುತ್ತದೆ, ಸರಿ. ಅದಕ್ಕೆ ನೀರು ಹಾಕುವವರು ಎಲ್ಲೂ ಕಾಣುವುದಿಲ್ಲ!

ಅಂಥವರ ಕೆಲಸ ನೋಡಬೇಕಾದರೆ ಮಾಗಡಿ ತಾಲ್ಲೂಕಿಗೆ ಬನ್ನಿ. ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯ ಎರಡೂ ಬದಿಗೆ ಆಲದ ಮರಗಳ ಸಾಲು. ನೆಟ್ಟವರು ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಚಿಕ್ಕಯ್ಯ. ಇಬ್ಬರೂ ಕೂಲಿ ಮಾಡಿ ಬದುಕುತ್ತಿದ್ದವರು. ಮಕ್ಕಳಿರಲಿಲ್ಲ. ಮೊದಲ ವರ್ಷ ನೆಟ್ಟದ್ದು ಹತ್ತು ಸಸಿ. ಕೊಡದಲ್ಲಿ ನೀರು ಹೊತ್ತು ಹಾಕಿದರು, ದನ ಮೇಯದಂತೆ ಸುತ್ತ ಮುಳ್ಳು ಕಟ್ಟಿದರು. ವರ್ಷ ವರ್ಷ ಹೀಗೇ ನಡೆದು ಸುಮಾರು ನಾಲ್ಕು ಕಿಲೋಮೀಟರ್ ಉದ್ದಕ್ಕೆ 385 ಮರಗಳಾದವು. 2019ರಲ್ಲಿ ಪದ್ಮಶ್ರೀ ಪಡೆಯುವಾಗ ಅಜ್ಜಿ ರಾಷ್ಟ್ರಪತಿಗಳ ಹಣೆ ಮುಟ್ಟಿ ಹರಸಿಬಿಟ್ಟರು. ರಾಷ್ಟ್ರಪತಿಗಳಾದರೇನು, ಅಜ್ಜಿಗೆ ಮೊಮ್ಮಗನೇ ತಾನೆ! 2025ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನವೇ, ತಿಮ್ಮಕ್ಕ ತೀರಿಕೊಂಡರು.

ಪದ್ಮಶ್ರೀ ಬಂದ ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡುವ ಕೆಲಸದಿಂದ ಈ ಮರಗಳಿಗೇ ಕುತ್ತು ಬಂದಿತ್ತು. ಅಜ್ಜಿ ಸುಮ್ಮನೆ ಕೂರಲಿಲ್ಲ. ಆಗ ಮುಖ್ಯಮಂತ್ರಿಯಾಗಿದ್ದ ಎಚ್.ಡಿ. ಕುಮಾರಸ್ವಾಮಿ ಅವರನ್ನು ಮರ ಉಳಿಸಿಕೊಡಿ ಅಂತ ಕೇಳಿಕೊಂಡರು. ಬೇರೆ ದಾರಿ ನೋಡಿ ಎಂದು ಅಧಿಕಾರಿಗಳಿಗೆ ಸೂಚನೆ ಹೋಯಿತು. ಸೋಲಾರ್‌ಪಂಕ್‌ನ ರಾಜಕೀಯ ಅಂದೆನಲ್ಲ, ಅದು ಇದೇ. ಸಸಿಗೆ ನೀರು ಹೊತ್ತವರ ಮಾತು ರಸ್ತೆಯ ನಕ್ಷೆ ಬರೆಯುವವರ ಕಿವಿಗೆ ಬೀಳಬೇಕು.

ಮರ ಕಡಿದಿದ್ದರೆ ನೆರಳು ತಾನೆ ಹೋಗುತ್ತಿತ್ತು ಅನ್ನುತ್ತೀರಾ? ನೆರಳಷ್ಟೇ ಲೆಕ್ಕವಲ್ಲ. ಬೇರು ಎಳೆದುಕೊಂಡ ನೀರು ಎಲೆಯ ಸಣ್ಣ ರಂಧ್ರಗಳಿಂದ ಆವಿಯಾಗಿ ಹೊರಬರುತ್ತದೆ. ಆವಿಯಾಗುವಾಗ ನೀರು ಸುತ್ತಲಿನ ಬಿಸಿಯನ್ನು ಹೀರಿಕೊಳ್ಳುತ್ತದೆ, ಮಣ್ಣಿನ ಮಡಕೆಯ ನೀರು ತಣ್ಣಗಿರುವುದೂ ಹೀಗೆಯೇ. ಒಂದು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾದ ಶಾಖದ ಏಳು ಪಟ್ಟಿಗೂ ಹೆಚ್ಚು ಶಾಖ ಅಷ್ಟೇ ನೀರು ಆವಿಯಾಗಲು ಬೇಕು. ಆಲದ ಮರ ದಿನವಿಡೀ ಮಾಡುವ ಕೆಲಸ ಅದು, ಕರೆಂಟ್ ಬಿಲ್ಲಿಲ್ಲದೆ.

ನಂಬಿಕೆ ಬರದಿದ್ದರೆ ಪರೀಕ್ಷೆ ಮಾಡಿ. ಬಿಸಿಲಿನಲ್ಲಿರುವ ಎಲೆ ತುಂಬಿದ ಒಂದು ಟೊಂಗೆಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ತೊಡಿಸಿ, ಬಾಯಿ ಬಿಗಿಯಾಗಿ ಕಟ್ಟಿ. ಎರಡು ಗಂಟೆ ಬಿಟ್ಟು ಬಂದು ಚೀಲದ ಒಳಮೈ ನೋಡಿ, ಹನಿಗಳು ಕಟ್ಟಿರುತ್ತವೆ. ನೋಡಿದ ಮೇಲೆ ಚೀಲ ಬಿಚ್ಚಲು ಮರೆಯಬೇಡಿ, ಒಳಗಿನ ಎಲೆಗಳು ಬೆಂದುಹೋದಾವು.