ರದ್ದಿ ಕಾಗದದ ಬುಟ್ಟಿ ಮತ್ತು ಕೈಕೆಲಸದ ಲೆಕ್ಕ

ಬೇಸಿಗೆ ರಜೆ ಬಂತೆಂದರೆ ಮನೆಮನೆಗಳಲ್ಲಿ ಕಾಗದ, ಕತ್ತರಿ, ಅಂಟು ಹೊರಗೆ ಬರುತ್ತವೆ. ಹಳೆಯ ಪತ್ರಿಕೆಗಳನ್ನು ಸುತ್ತಿ ಬುಟ್ಟಿ ಹೆಣೆಯುವುದು, ರಟ್ಟು ಮಡಿಸಿ ಶುಭಾಶಯ ಪತ್ರ ಮಾಡುವುದು, ಅದಕ್ಕೆ ಒಣಗಿದ ಹೂವಿನ ಎಸಳು ಅಂಟಿಸುವುದು ಇವೆಲ್ಲ ಮಕ್ಕಳಿಗೂ ಗೃಹಿಣಿಯರಿಗೂ ಒಪ್ಪುವ ಕೆಲಸಗಳು. ಇವುಗಳ ಜೊತೆಗೆ ಒಂದು ಮಾತು ತಪ್ಪದೆ ಬರುತ್ತದೆ: 'ಬಿಡುವಿನ ವೇಳೆಯ ಹವ್ಯಾಸ'. ಈ ಮಾತು ಎಷ್ಟು ನಿಜ ಎಂಬುದನ್ನು ದಾವಣಗೆರೆ, ಹರಿಹರಗಳ ಹಿನ್ನೆಲೆಯಲ್ಲಿ ಸ್ವಲ್ಪ ವಿಚಾರ ಮಾಡಬೇಕಾಗಿದೆ.

ಮೆಂತ್ಯದ ಬುಟ್ಟಿ

ಕಾಗದದ ಬುಟ್ಟಿ ಹೊಸದಾಗಿ ಬಂದ ಫ್ಯಾಷನ್ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಮಧ್ಯ ಕರ್ನಾಟಕ, ಉತ್ತರ ಕರ್ನಾಟಕದ ಮನೆಗಳಲ್ಲಿ ಅಜ್ಜಿಯರು ಇದನ್ನು ಮಾಡುತ್ತಿದ್ದರು. ಮಕ್ಕಳ ಹಳೆಯ ನೋಟುಪುಸ್ತಕ, ಕ್ಯಾಲೆಂಡರ್, ಅಂಗಡಿಯ ಪೊಟ್ಟಣದ ಕಾಗದ ಎಲ್ಲವನ್ನೂ ಹರಿದು ಎರಡು ಮೂರು ದಿನ ನೀರಿನಲ್ಲಿ ನೆನೆಹಾಕುವುದು. ನೀರು ಹಿಂಡಿ, ನೆನೆದ ಮೆಂತ್ಯದೊಡನೆ ಒರಳಿನಲ್ಲಿ ಕುಟ್ಟಿ ರುಬ್ಬುವುದು. ಬೋರಲು ಹಾಕಿದ ಗಡಿಗೆಯ ಮೇಲೆ ಒದ್ದೆ ಬಟ್ಟೆ ಹಾಸಿ ಆ ಮುದ್ದೆಯನ್ನು ಒಂದೇ ದಪ್ಪಕ್ಕೆ ತಟ್ಟುವುದು. ನೆರಳಲ್ಲಿ ಆರಿದ ಮೇಲೆ ಬಿಸಿಲಿಗೆ ಇಟ್ಟು, ಗಡಿಗೆಯಿಂದ ಬಿಡಿಸಿ, ಒಳಗೂ ಹೊರಗೂ ಮತ್ತೊಮ್ಮೆ ಮೆಂತ್ಯದ ಹಿಟ್ಟು ಬಳಿಯುವುದು. ಇಷ್ಟಾದರೆ ಹಗುರವಾದ, ಗಟ್ಟಿಯಾದ ಬುಟ್ಟಿ ಸಿದ್ಧ. ಒಣಮೆಣಸಿನಕಾಯಿ, ಹುಣಸೆಹಣ್ಣು, ಕಾಳುಕಡಿ ಹಾಕಿಡಲು ಅದು ಒದಗುತ್ತಿತ್ತು. ಬಿದಿರಿನ ಮೊರದ ಸಂದುಗಳಿಂದ ಸಣ್ಣ ಕಾಳು ಸೋರದಂತೆ ಕಾಗದ ಮತ್ತು ಮೆಂತ್ಯ ಮೆತ್ತುವ ರೂಢಿಯೂ ಇತ್ತು.

ಇಲ್ಲಿ ಮೆಂತ್ಯವೇ ಏಕೆ? ಮೆಂತ್ಯದ ಬೀಜ ನೆನೆದರೆ ಲೋಳೆ ಬಿಡುತ್ತದೆ. ಆ ಲೋಳೆ ಒಂದು ಬಗೆಯ ಸಸ್ಯಗೋಂದು. ಒಣಗಿದಾಗ ಅದು ಕಾಗದದ ಎಳೆಗಳನ್ನು ಒಂದಕ್ಕೊಂದು ಬಿಗಿಯಾಗಿ ಹಿಡಿದಿಡುತ್ತದೆ. ಅದರ ಕಹಿಗೂ ವಾಸನೆಗೂ ಹುಳು ಹತ್ತಿರ ಬರುವುದಿಲ್ಲ ಎಂಬುದು ಅಜ್ಜಿಯರ ನಂಬಿಕೆ. ಅಂಟು ಮತ್ತು ರಕ್ಷಣೆ ಎರಡೂ ಒಂದೇ ಡಬ್ಬಿಯಿಂದ, ಅದೂ ಅಡುಗೆಮನೆಯ ಡಬ್ಬಿಯಿಂದ! ಹುಣಸೆ ಬೀಜದ ಅಂಟೂ ಇದೇ ಜಾತಿಯದು. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಬೀಸಣಿಗೆಯಂತೆ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕಕ್ಕೆ 'ಕಡತ' ಎಂದು ಹೆಸರು. ಶಾನುಭೋಗರ ಲೆಕ್ಕ, ಮಠಗಳ ದಾಖಲೆಗಳು ಅದರಲ್ಲಿ ಇರುತ್ತಿದ್ದವು. ಇಂದು ಕಚೇರಿಯ ಫೈಲಿಗೆ ನಾವು ಹೇಳುವ 'ಕಡತ' ಎಂಬ ಮಾತು ಬಂದದ್ದು ಅಲ್ಲಿಂದಲೇ. ಮಡಿಸಿ ಮಾಡುವ ಇಂದಿನ ಶುಭಾಶಯ ಪತ್ರಕ್ಕೆ ಕನ್ನಡ ನಾಡಿನಲ್ಲಿ ಒಬ್ಬ ಮುತ್ತಜ್ಜನನ್ನು ಹುಡುಕುವುದಾದರೆ ಈ ಕಡತವನ್ನೇ ತೋರಿಸಬೇಕು.

ನಾರಿನ ಊರುಗಳು

ಕಾಗದವೆಂದರೆ ಏನು? ಸಸ್ಯದ ನಾರನ್ನು ನೀರಿನಲ್ಲಿ ಬಿಡಿಸಿ, ತೆಳುವಾಗಿ ಹರಡಿ, ಒಣಗಿಸಿದ ಹಾಳೆ. ಈ ನಾರಿನ ವಸ್ತುವಿಗೆ ಸೆಲ್ಯುಲೋಸ್ ಎಂದು ಹೆಸರು. ಹತ್ತಿಯಲ್ಲೂ ಅದೇ, ಮರದಲ್ಲೂ ಅದೇ. ಈ ದೃಷ್ಟಿಯಿಂದ ನೋಡಿದರೆ ದಾವಣಗೆರೆ, ಹರಿಹರ ಎರಡೂ ನಾರಿನ ಊರುಗಳೇ. ಹತ್ತಿ ಗಿರಣಿಗಳಿಂದಾಗಿ ದಾವಣಗೆರೆಗೆ 'ಕರ್ನಾಟಕದ ಮ್ಯಾಂಚೆಸ್ಟರ್' ಎಂಬ ಬಿರುದು ಬಂದಿತ್ತು. ಹರಿಹರದ ಎದುರಿಗೆ, ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ, 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಆರಂಭವಾಯಿತು. ಅಲ್ಲಿ ನೀಲಗಿರಿ ಮರದಿಂದ ತಿರುಳು ತೆಗೆಯುವುದು ಕಾಗದಕ್ಕಲ್ಲ, ರೇಯಾನ್ ನೂಲಿಗೆ. ಆದರೆ ತಿರುಳು ತೆಗೆಯುವ ಮೂಲ ತತ್ವ ಒಂದೇ. ನೆರೆಯ ಶಿವಮೊಗ್ಗ ಜಿಲ್ಲೆಯ ಭದ್ರಾವತಿಯಲ್ಲಿ 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. 1980ರ ದಶಕದಿಂದ ಅಲ್ಲಿ ಪತ್ರಿಕೆಗಳ ಮುದ್ರಣ ಕಾಗದವೂ ತಯಾರಾಗುತ್ತಿತ್ತು.

ನಾರಿನ ಹಿಂದೆ ಜಗಳಗಳೂ ಇವೆ. ನೀಲಗಿರಿ ಬೆಳೆಯಲು 1984ರಲ್ಲಿ ಸರ್ಕಾರ ಮತ್ತು ಕಾರ್ಖಾನೆಯ ಜಂಟಿ ಕಂಪನಿ ಹುಟ್ಟಿತು. ದನ ಮೇಯುವ, ಸೌದೆ ಆಯುವ ಸಾಮೂಹಿಕ ಭೂಮಿ ಅದಕ್ಕೆ ಹೋದಾಗ ಹಳ್ಳಿಯವರು ಪ್ರತಿಭಟಿಸಿದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿಗಳನ್ನು ಕಿತ್ತು, ಜನರಿಗೆ ಬೇಕಾದ ಸಸಿಗಳನ್ನು ನೆಟ್ಟರು. ಒಂದು ಹಾಳೆ ಕಾಗದವೂ ಎಲ್ಲಿಂದಲೋ ಬಿಟ್ಟಿಯಾಗಿ ಬರುವುದಿಲ್ಲ ಎಂಬುದಕ್ಕೆ ಇದೊಂದು ನೆನಪು. ರದ್ದಿಯನ್ನು ಮತ್ತೆ ಬಳಸುವ ಕೈಗೆ ಈ ಕಾರಣದಿಂದಲೂ ಗೌರವ ಸಲ್ಲಬೇಕು.

ದಾವಣಗೆರೆಯ ಹತ್ತಿ ಗಿರಣಿಗಳು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಒಂದೊಂದಾಗಿ ಬಾಗಿಲು ಹಾಕಿದವು. ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಗಂಡಸರ ಕಾರ್ಖಾನೆ ಕೆಲಸ ಹೋದಾಗ ಮನೆಯ ಒಳಗಿನ ಕೆಲಸಗಳ ಮೇಲೆ ಭಾರ ಬೀಳುತ್ತದೆ. ಅಲ್ಲಿಗೆ ಹವ್ಯಾಸ ಎಂಬುದು ಹವ್ಯಾಸವಾಗಿ ಉಳಿಯುವುದಿಲ್ಲ.

ಹೆಣೆಯುವ ಬಗೆ

ಪತ್ರಿಕೆಯ ಹಾಳೆಯೊಂದನ್ನು ಕೈಗೆತ್ತಿಕೊಳ್ಳಿ. ಮೇಲಿನಿಂದ ಕೆಳಕ್ಕೆ ಹರಿಯಿರಿ. ಹೆಚ್ಚುಕಡಿಮೆ ನೇರವಾಗಿ ಹರಿಯುತ್ತದೆ. ಈಗ ಅಡ್ಡಕ್ಕೆ ಹರಿಯಿರಿ. ಅಂಕುಡೊಂಕಾಗುತ್ತದೆ. ಯಂತ್ರದಲ್ಲಿ ಕಾಗದ ಓಡುವಾಗ ಎಳೆಗಳು ಆ ಓಟದ ದಿಕ್ಕಿಗೇ ಮಲಗುವುದು ಇದಕ್ಕೆ ಕಾರಣ. ಕೈಯಿಂದ ಎತ್ತಿದ ಕಾಗದದಲ್ಲಿ ಎಳೆಗಳು ನಾಲ್ಕೂ ಕಡೆ ಚೆಲ್ಲಿರುವುದರಿಂದ ಈ ವ್ಯತ್ಯಾಸ ಅಷ್ಟಾಗಿ ಕಾಣದು.

ಬುಟ್ಟಿ ಮಾಡುವವರು ಎಳೆಯ ದಿಕ್ಕಿಗೇ, ಅಂದರೆ ಉದ್ದಕ್ಕೆ, ಸುಮಾರು 10 ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿಕೊಳ್ಳಬೇಕು. ಪಟ್ಟಿಯ ಒಂದು ಮೂಲೆಯಲ್ಲಿ ಹೆಣಿಗೆ ಕಡ್ಡಿಯನ್ನೋ ಸೈಕಲ್ ಸ್ಪೋಕನ್ನೋ ಓರೆಯಾಗಿಟ್ಟು ಬಿಗಿಯಾಗಿ ಸುತ್ತಿ, ಕೊನೆಯ ಮೂಲೆಗೆ ಅಂಟು ಹಚ್ಚಿದರೆ ಕೊಳವೆ ಸಿದ್ಧ. ಒಂದು ತುದಿ ಸಣ್ಣ, ಇನ್ನೊಂದು ತುದಿ ಸ್ವಲ್ಪ ದಪ್ಪ ಇರಬೇಕು. ಆಗ ಒಂದರ ಒಳಗೆ ಇನ್ನೊಂದನ್ನು ತೂರಿಸಿ ಉದ್ದ ಬೆಳೆಸಬಹುದು.

ತಳಕ್ಕೆ ಗುಂಡಾಗಿ ಕತ್ತರಿಸಿದ ಎರಡು ರಟ್ಟು ಬೇಕು. ಅವುಗಳ ನಡುವೆ ಕೊಳವೆಗಳನ್ನು ಸೂರ್ಯನ ಕಿರಣದಂತೆ ಅಂಟಿಸಿ ಮೇಲಕ್ಕೆ ಮಡಿಸಬೇಕು. ಈ ನಿಲ್ಲುವ ಕಡ್ಡಿಗಳ ಸಂಖ್ಯೆ ಬೆಸ ಇರಲಿ: 15, 17, 19. ಒಂದರ ಮುಂದೆ, ಮತ್ತೊಂದರ ಹಿಂದೆ ಎಂದು ಒಂದೇ ಕೊಳವೆಯಿಂದ ಹೆಣೆಯುತ್ತ ಹೋದಾಗ, ಬೆಸ ಸಂಖ್ಯೆ ಇದ್ದರೆ ಎರಡನೆಯ ಸುತ್ತು ತಾನಾಗಿಯೇ ಅದಲುಬದಲಾಗುತ್ತದೆ. ಸಮ ಸಂಖ್ಯೆಯಾದರೆ ಅದೇ ಕಡ್ಡಿಯ ಮುಂದೆಯೇ ಮತ್ತೆ ಬಂದು ಹೆಣಿಗೆ ಕೂಡುವುದಿಲ್ಲ. ಬಿದಿರಿನ ಕೆಲಸದ ಮೇದಾರರಿಗೆ ಈ ಲೆಕ್ಕ ಕೈಯಲ್ಲೇ ಇದೆ. 12ನೇ ಶತಮಾನದ ಶರಣ ಮೇದಾರ ಕೇತಯ್ಯನ ಕಾಯಕವೂ ಇದೇ ಆಗಿತ್ತು. ಕೈಕೆಲಸವನ್ನು ಕಾಯಕವೆಂದು ಎತ್ತಿ ಹಿಡಿದ ಆ ಪರಂಪರೆಯಲ್ಲಿ ಬುಟ್ಟಿ ಹೆಣೆಯುವವನಿಗೂ ಅನುಭವ ಮಂಟಪದಲ್ಲಿ ಜಾಗವಿತ್ತು ಎಂಬುದನ್ನು ಮರೆಯಬಾರದು.

ಅಂಟಿನ ಬಗ್ಗೆ ಒಂದು ಎಚ್ಚರಿಕೆ. ಹುಳು ಹಿಡಿಯದಿರಲೆಂದು ಪುಸ್ತಕ ಕಟ್ಟುವವರು ಮೈದಾ ಅಂಟಿಗೆ ಮೈಲುತುತ್ತ ಸೇರಿಸುತ್ತಾರೆ. ಅದು ವಿಷ. ಮಕ್ಕಳು ಕೂತು ಕೆಲಸ ಮಾಡುವ ಮನೆಯಲ್ಲಿ ಅದು ಬೇಡ, ಮೆಂತ್ಯವೇ ಲೇಸು. ಇನ್ನೊಂದು ಮಾತು. ಮಂಡಕ್ಕಿ, ಮಿರ್ಚಿಯ ಊರಿನಲ್ಲಿ ತಿಂಡಿಯನ್ನು ಪತ್ರಿಕೆಯಲ್ಲಿ ಕಟ್ಟಿ ಕೊಡುವುದು ಹಳೆಯ ರೂಢಿ. ಮುದ್ರಣದ ಶಾಯಿ ಆಹಾರಕ್ಕೆ ಸೇರುವ ಅಪಾಯವಿರುವುದರಿಂದ ಹೀಗೆ ಮಾಡಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2016ರ ಡಿಸೆಂಬರಿನಲ್ಲಿ ಸೂಚನೆ ಹೊರಡಿಸಿತು. ಬಿಸಿಯೂ ಎಣ್ಣೆಯೂ ಸೇರಿದರೆ ಅಪಾಯ ಹೆಚ್ಚು. ಆದ್ದರಿಂದ ಪತ್ರಿಕೆಯ ಬುಟ್ಟಿಯಲ್ಲಿ ರೊಟ್ಟಿ, ಮಂಡಕ್ಕಿ ನೇರವಾಗಿ ಹಾಕಬೇಡಿ. ಒಳಗೆ ಒಗೆದ ಬಟ್ಟೆ ಹಾಸಿ. ಬಳೆ, ನೂಲು, ಹೂವು, ತಾಂಬೂಲದ ಕಾಯಿಗೆ ಯಾವ ಚಿಂತೆಯೂ ಇಲ್ಲ.

ಶುಭಾಶಯ ಪತ್ರ

ಅಂಗಡಿಯಲ್ಲಿ ಕೊಳ್ಳುವ ಶುಭಾಶಯ ಪತ್ರದ ಇತಿಹಾಸ ತೀರ ಹಳೆಯದಲ್ಲ. ಮಾರಾಟಕ್ಕೆಂದೇ ಅಚ್ಚಾದ ಮೊದಲ ಕ್ರಿಸ್‌ಮಸ್ ಪತ್ರ 1843ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಹೆನ್ರಿ ಕೋಲ್ ಎಂಬಾತ ಬಂಧುಮಿತ್ರರಿಗೆಲ್ಲ ಕಾಗದ ಬರೆಯಲು ಪುರುಸೊತ್ತಿಲ್ಲದೆ ಚಿತ್ರಕಾರರೊಬ್ಬರಿಂದ ಅದನ್ನು ಬರೆಸಿದ್ದ. ನಮ್ಮಲ್ಲಿ 1990ರ ದಶಕದಲ್ಲಿ ಹೊಸ ವರ್ಷ, ಸಂಕ್ರಾಂತಿ ಹತ್ತಿರವಾದರೆ ಬೀದಿ ಬದಿಯಲ್ಲೂ ಇಂಥ ಪತ್ರಗಳ ಅಂಗಡಿ ತೆರೆಯುತ್ತಿತ್ತು. ಮೊಬೈಲ್ ಸಂದೇಶ ಬಂದ ಮೇಲೆ ಆ ಅಂಗಡಿಗಳು ಕಾಣೆಯಾದವು. ವಿಚಿತ್ರವೆಂದರೆ, ಸಂದೇಶ ಅಗ್ಗವಾದಷ್ಟೂ ಕೈಯಲ್ಲಿ ಮಾಡಿದ ಪತ್ರದ ಬೆಲೆ ಏರಿದೆ. ನೂರು ಜನರಿಗೆ ಒಮ್ಮೆಗೇ ಕಳಿಸಿದ ಶುಭಾಶಯವನ್ನು ಯಾರೂ ಎತ್ತಿಡುವುದಿಲ್ಲ. ಹೆಸರು ಬರೆದು, ಹೂವು ಅಂಟಿಸಿ ಕೊಟ್ಟದ್ದನ್ನು ಎತ್ತಿಡುತ್ತಾರೆ.

ಮದುವೆ ಕಾಲ ಮುಗಿದ ಮೇಲೆ ಮನೆಯಲ್ಲಿ ರಾಶಿ ಬೀಳುವ ಲಗ್ನಪತ್ರಿಕೆಗಳು ಇದಕ್ಕೆ ಒಳ್ಳೆಯ ಸಾಮಗ್ರಿ. ಪತ್ರಿಕೆಯ ಕಾಗದ ಮಾತ್ರ ಇದಕ್ಕೆ ಆಗದು. ಅದರಲ್ಲಿ ಮರದ ಲಿಗ್ನಿನ್ ಉಳಿದಿರುವುದರಿಂದ ಬೇಗ ಹಳದಿಯಾಗುತ್ತದೆ. ಗಟ್ಟಿ ಕಾಗದವನ್ನು ಎಳೆಯ ದಿಕ್ಕಿಗೆ ಮಡಿಸಿದರೆ ಮಡಿಕೆ ಅಂದವಾಗಿ ಬೀಳುತ್ತದೆ, ಅಡ್ಡಕ್ಕೆ ಮಡಿಸಿದರೆ ಬಿರಿಯುತ್ತದೆ. ಹತ್ತಿ ಚಿಂದಿಯಿಂದ ಮಾಡಿದ ಕೈಕಾಗದ ಸಿಕ್ಕರೆ ಇನ್ನೂ ಒಳ್ಳೆಯದು. ಗಾಂಧೀಜಿಯವರ ಪ್ರೇರಣೆಯಿಂದ 1934ರಲ್ಲಿ ಹುಟ್ಟಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಪುನರುಜ್ಜೀವನಕ್ಕೆ ಎತ್ತಿಕೊಂಡ ಕಸುಬುಗಳಲ್ಲಿ ಕೈಕಾಗದವೂ ಒಂದು.

ಅಂಚೆಯಲ್ಲಿ ಕಳಿಸುವವರು ತೂಕ ನೋಡಬೇಕು. ಚದರ ಮೀಟರಿಗೆ 240 ಗ್ರಾಂ ತೂಗುವ ಕಾಗದದ ಒಂದು ಎ4 ಹಾಳೆ 15 ಗ್ರಾಂ ಆಗುತ್ತದೆ. ಲಕೋಟೆಗೆ ಸುಮಾರು 5 ಗ್ರಾಂ. ಅಂಚೆ ದರದ ಮೊದಲ ಹಂತದ 20 ಗ್ರಾಂ ಅಲ್ಲಿಗೇ ಮುಗಿಯಿತು. ಮೇಲೆ ಮಣಿ, ಕನ್ನಡಿ ಚೂರು ಅಂಟಿಸಿದರೆ ಹೆಚ್ಚಿನ ಅಂಚೆಚೀಟಿ ಹಚ್ಚಬೇಕು.

ಗಂಟೆಯ ಲೆಕ್ಕ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಒಂದು ಲೆಕ್ಕ ಹಾಕಿ ನೋಡಿ. ಮಧ್ಯಮ ಗಾತ್ರದ ಬುಟ್ಟಿಗೆ 90 ಕೊಳವೆ ಬೇಕೆಂದಿಟ್ಟುಕೊಳ್ಳಿ. ಕೊಳವೆಗೆ ಒಂದು ನಿಮಿಷ ಎಂದರೆ ಸುತ್ತುವುದಕ್ಕೇ ಒಂದೂವರೆ ಗಂಟೆ. ಹೆಣೆಯಲು ಎರಡು ಗಂಟೆ, ಬಣ್ಣ ಬಳಿಯಲು ಅರ್ಧ ಗಂಟೆ. ಒಟ್ಟು ನಾಲ್ಕು ಗಂಟೆ. ಆ ಬುಟ್ಟಿಗೆ 120 ರೂಪಾಯಿ ಸಿಕ್ಕಿ, ಅಂಟು ಬಣ್ಣಕ್ಕೆ 20 ಹೋದರೆ, ಗಂಟೆಗೆ ಬಂದ ಕೂಲಿ 25 ರೂಪಾಯಿ. "ರದ್ದಿ ಕಾಗದ ತಾನೇ, 50ಕ್ಕೆ ಕೊಡಮ್ಮ" ಎಂದು ಚೌಕಾಸಿ ಮಾಡುವವರು ಕಾಗದದ ಬೆಲೆ ಕೇಳುತ್ತಿದ್ದಾರೆಯೇ ಹೊರತು ನಾಲ್ಕು ಗಂಟೆಯ ಬೆಲೆ ಕೇಳುತ್ತಿಲ್ಲ. ಮಾಡಿದವಳೂ "ಸುಮ್ಮನೆ ಕೂತಾಗ ಮಾಡಿದ್ದು" ಎಂದುಬಿಡುತ್ತಾಳೆ. ಅನ್ಯಾಯ ಶುರುವಾಗುವುದು ಈ 'ಸುಮ್ಮನೆ'ಯಿಂದ.

ಮನೆಯ ದುಡಿಮೆ ಲೆಕ್ಕಕ್ಕೆ ಬಂದ ಉದಾಹರಣೆ ಇಲ್ಲದಿಲ್ಲ. ಈ ಎರಡೂ ಊರುಗಳಲ್ಲಿ ಬೀಡಿ ಕಟ್ಟುವ ಮನೆಗಳಿವೆ. ಸಾವಿರ ಬೀಡಿಗೆ ಇಷ್ಟು ಎಂದು ಅಲ್ಲಿ ಕೂಲಿ ಗೊತ್ತಾಗಿರುತ್ತದೆ. ಮನೆಯಲ್ಲಿ ಕೂತು ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದು 1966ರ ಬೀಡಿ ಕಾರ್ಮಿಕರ ಕಾಯ್ದೆ ಒಪ್ಪಿಕೊಂಡಿತು. ಮಾಲೀಕರಿಗಾಗಿ ಮನೆಯಲ್ಲಿ ದುಡಿಯುವವರನ್ನು ಉಳಿದ ಕೂಲಿಕಾರರಿಗೆ ಸಮಾನವಾಗಿ ಕಾಣಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ ಒಡಂಬಡಿಕೆ ಮಾಡಿತು. ಭಾರತ ಇನ್ನೂ ಅದನ್ನು ಅಂಗೀಕರಿಸಿಲ್ಲ. ತಾನೇ ಬುಟ್ಟಿ ಮಾಡಿ ತಾನೇ ಮಾರುವ ಹೆಂಗಸಿಗಂತೂ ಮಾಲೀಕನೂ ಇಲ್ಲ, ಹಾಜರಿ ಪುಸ್ತಕವೂ ಇಲ್ಲ. ಅವಳ ಲೆಕ್ಕವನ್ನು ಅವಳೇ ಬರೆಯಬೇಕು.

ಅದಕ್ಕೊಂದು ಸುಲಭದ ದಾರಿಯಿದೆ. ಎರಡು ರೂಪಾಯಿಯ ಲಾಭ ನಷ್ಟ ನೋಡುವ ಮೊದಲು ಎಷ್ಟು ಹೊತ್ತು ಹಿಡಿಯಿತು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುವುದು. 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಸಂಘಗಳಲ್ಲಿ ಉಳಿತಾಯದ ಪುಸ್ತಕ ಇಡುವುದನ್ನು ಸಾವಿರಾರು ಹೆಂಗಸರು ಕಲಿತರು. ಅದೇ ಪುಸ್ತಕದಲ್ಲಿ ಗಂಟೆಗೂ ಒಂದು ಕಾಲಂ ಹಾಕಿಕೊಳ್ಳಬಹುದು. ನಾಲ್ಕಾರು ಜನ ಸೇರಿ ಒಂದೇ ದರ ಗೊತ್ತು ಮಾಡಿದರೆ ಒಬ್ಬರ ಮೇಲೆ ಒಬ್ಬರು ಬೆಲೆ ಇಳಿಸುವ ಪಾಡು ತಪ್ಪುತ್ತದೆ. ಮದುವೆಯ ತಾಂಬೂಲಕ್ಕೆ, ಉಡಿ ತುಂಬುವುದಕ್ಕೆ, ಸಂಕ್ರಾಂತಿಯ ಎಳ್ಳು ಬೀರುವುದಕ್ಕೆ, ದುಗ್ಗಮ್ಮನ ಜಾತ್ರೆಯ ಅಂಗಡಿಗೆ ಇಂಥ ಬುಟ್ಟಿಗಳು ಬೇಕಾಗುತ್ತವೆ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧ ಬಂದ ಮೇಲೆ ಕಾಗದದ ಕಡೆಗೆ ಜನರ ಕಣ್ಣು ಹೊರಳಿದೆ ಕೂಡ.

ಹವ್ಯಾಸಕ್ಕಾಗಿ ಮಾಡುವವರು ಮಾಡಲಿ, ಅದರಲ್ಲಿ ಸಂತೋಷವಿದೆ. ಮಕ್ಕಳಿಗೆ ಕಲಿಸಲಿ. ಆದರೆ ಹೊಟ್ಟೆಪಾಡಿಗೆ ಮಾಡುವವಳ ಕೆಲಸವನ್ನೂ ಹವ್ಯಾಸವೆಂದು ಕರೆದು ಬೆಲೆ ಇಳಿಸಬಾರದು. ಮೆಂತ್ಯ ರುಬ್ಬಿ ಬುಟ್ಟಿ ತಟ್ಟಿದ ಅಜ್ಜಿಗೆ ಬಿಡುವು ಎಂಬುದು ಇರಲೇ ಇಲ್ಲ. ಅಡುಗೆ, ದನಕರು, ಹೊಲದ ಕೆಲಸ ಮುಗಿಸಿ, ನಿದ್ದೆಯಲ್ಲಿ ಸ್ವಲ್ಪ ಕಡಿಮೆ ಮಾಡಿ ಅವಳು ಅದನ್ನು ಮಾಡಿದ್ದಳು. ಮುಂದಿನ ಬಾರಿ ಯಾರಾದರೂ ಕಾಗದದ ಬುಟ್ಟಿಯನ್ನು ನಿಮ್ಮ ಮುಂದೆ ಹಿಡಿದಾಗ, ಬೆಲೆ ಕೇಳುವುದಕ್ಕೆ ಮೊದಲು "ಎಷ್ಟು ಹೊತ್ತು ಹಿಡೀತಮ್ಮ?" ಎಂದು ಕೇಳಿ.